ಹೆಸರು ಹೊಡೆದರೆ ಫೈಲುಗಳ ಪಟ್ಟಿ ಬರುತ್ತಿದೆ, ಮುಖಪುಟ ಯಾಕೆ ಬರುತ್ತಿಲ್ಲ?

ಪ್ರಶ್ನೆ: ನಮ್ಮದು ಚಿತ್ರದುರ್ಗದಲ್ಲಿ ಸೀರೆ ಅಂಗಡಿ. ಮೊಳಕಾಲ್ಮೂರು ರೇಷ್ಮೆ ಸೀರೆಗಳನ್ನು ನೇಕಾರರ ಹತ್ತಿರವೇ ಕೊಂಡು ತಂದು ಮಾರುತ್ತೇವೆ. ಈಚೆಗೆ ಅಂಗಡಿಗೆ ಒಂದು ವೆಬ್‌ಸೈಟ್ ಮಾಡಿಸಿದೆವು. ಡಾಟ್ ಕಾಂ ಹೆಸರು ಕೊಂಡಿದ್ದು ಒಂದು ಕಂಪನಿಯಲ್ಲಿ, ಹೋಸ್ಟಿಂಗ್ ತಗೊಂಡಿದ್ದು ಇನ್ನೊಂದರಲ್ಲಿ. ಪರಿಚಯದ ಇಂಜಿನಿಯರಿಂಗ್ ಹುಡುಗ ಪುಟಗಳನ್ನು ಮಾಡಿ ಅಪ್‌ಲೋಡ್ ಮಾಡಿಕೊಟ್ಟ. ಈಗ ಅವನು ಕೆಲಸ ಸಿಕ್ಕಿ ಬೆಂಗಳೂರಿಗೆ ಹೋಗಿದ್ದಾನೆ. ನಮ್ಮ ಹೆಸರಿನ ಮುಂದೆ ಸ್ಲ್ಯಾಶ್ ಹಾಕಿ 'ಹೋಮ್ ಡಾಟ್ ಎಚ್‌ಟಿಎಂಎಲ್' ಅಂತ ಹೊಡೆದರೆ ಸೈಟ್ ಚೆನ್ನಾಗಿ ಬರುತ್ತೆ. ಬರೀ ಹೆಸರು ಹೊಡೆದರೆ 'ಇಂಡೆಕ್ಸ್ ಆಫ್' ಅಂತ ಮೇಲೆ ಬರೆದು, ಕೆಳಗೆ ಫೈಲುಗಳ ಪಟ್ಟಿ ಬರುತ್ತೆ. ಅದರಲ್ಲಿ ಒಂದು ಜಿಪ್ ಫೈಲು, ಒಂದು ಎಕ್ಸೆಲ್ ಫೈಲು ಕೂಡ ಕಾಣುತ್ತೆ. ಹೆಸರಿನ ಹಿಂದೆ ಟ್ರಿಪಲ್ ಡಬ್ಲ್ಯು ಸೇರಿಸಿ ಹೊಡೆದರೆ ಹೆಸರು ಕೊಂಡ ಕಂಪನಿಯ ಜಾಹೀರಾತು ಪುಟ ಬರುತ್ತೆ. ಒಬ್ಬರು ನೇಮ್‌ಸರ್ವರ್ ಬದಲಿಸಿ ಅಂದರು. ಇನ್ನೊಬ್ಬರು 48 ಗಂಟೆ ಕಾಯಿರಿ, ತಾನಾಗೇ ಸರಿಹೋಗುತ್ತೆ ಅಂದರು. ಅಂಗಡಿಯ ಮೇಲ್ ಅದೇ ಹೆಸರಿನಲ್ಲಿದೆ, ಅದಕ್ಕೇನೂ ತೊಂದರೆ ಇಲ್ಲ. ಸೀರೆ ಬಾಕ್ಸುಗಳ ಮೇಲೆ ಕ್ಯೂಆರ್ ಕೋಡ್ ಆಗಲೇ ಪ್ರಿಂಟ್ ಆಗಿದೆ, ಅದು ಆ ಹೋಮ್ ಪುಟಕ್ಕೇ ಹೋಗುತ್ತೆ. ಏನು ಮಾಡಲಿ?

ಉತ್ತರ: ನೀವು ಇಷ್ಟು ವಿವರವಾಗಿ ಬರೆದಿದ್ದರಿಂದ ದೂರದಲ್ಲೇ ಕುಳಿತು ಹೇಳಬಹುದು. ನಿಮ್ಮ ಸೈಟಿಗೆ ಇರುವುದು ಒಂದು ತೊಂದರೆ ಅಲ್ಲ, ಎರಡು. ಒಂದಕ್ಕೂ ಇನ್ನೊಂದಕ್ಕೂ ಸಂಬಂಧ ಇಲ್ಲ. ಪಟ್ಟಿ ಕಾಣಿಸುವ ತೊಂದರೆ ಹೋಸ್ಟಿಂಗಿನ, ಅಂದರೆ ನಿಮ್ಮ ಪುಟಗಳನ್ನು ಇಟ್ಟಿರುವ ಬಾಡಿಗೆ ಸರ್ವರಿನ, ಫೋಲ್ಡರಿನಲ್ಲಿದೆ. ಜಾಹೀರಾತು ಕಾಣಿಸುವ ತೊಂದರೆ ಹೆಸರು ಕೊಂಡ ಕಂಪನಿಯ ಡಿಎನ್ಎಸ್ ಪುಟದಲ್ಲಿದೆ. ಯಾವ ಹೆಸರು ಹೊಡೆದರೆ ಯಾವ ಸರ್ವರಿಗೆ ಹೋಗಬೇಕು ಎಂದು ಸಾಲು ಸಾಲಾಗಿ ಬರೆದಿಟ್ಟ ಪುಟ ಅದು. ಎರಡೂ ಸಣ್ಣವು. ಒಂದು ಮಧ್ಯಾಹ್ನ ಕುಳಿತರೆ ನೀವೇ ಸರಿ ಮಾಡಬಹುದು. ನೇಮ್‌ಸರ್ವರ್ (ನಿಮ್ಮ ಹೆಸರಿನ ಬಗ್ಗೆ ಕೇಳಿದವರಿಗೆ ಉತ್ತರ ಕೊಡುವ ಸರ್ವರ್) ಮಾತ್ರ ಮುಟ್ಟಬೇಡಿ. ಕಾಯುವುದರಿಂದಲೂ ಪ್ರಯೋಜನ ಇಲ್ಲ. ತಪ್ಪಿರುವ ಸಾಲನ್ನು ಯಾರೂ ಇನ್ನೂ ತಿದ್ದಿಲ್ಲ, ಮತ್ತೆ ತಾನಾಗೇ ಹೇಗೆ ಸರಿಹೋಗುತ್ತೆ?

ಆದರೆ ಮುಖಪುಟಕ್ಕಿಂತ ಮೊದಲು ಆ ಎಕ್ಸೆಲ್ ಫೈಲನ್ನು ನೋಡಿ. ಈ ಉತ್ತರ ಓದುವುದನ್ನು ಇಲ್ಲೇ ನಿಲ್ಲಿಸಿ, ಆ ಕೆಲಸ ಮುಗಿಸಿ ಬಂದರೂ ಸರಿ. ಪಟ್ಟಿಯಲ್ಲಿ ಹೆಸರು ಕಾಣುತ್ತಿದೆ ಅಂದರೆ ಯಾರು ಬೇಕಾದರೂ ಅದರ ಮೇಲೆ ಒತ್ತಿ ಇಳಿಸಿಕೊಳ್ಳಬಹುದು. ಅದು ಗಿರಾಕಿಗಳ ಹೆಸರು, ಫೋನ್ ನಂಬರ್, ಬಾಕಿ ಲೆಕ್ಕ ಇರುವ ಫೈಲಾಗಿದ್ದರೆ? ಜಿಪ್ ಫೈಲು ಬಹುಶಃ ಹುಡುಗ ಸೈಟನ್ನು ಒಟ್ಟಿಗೆ ಏರಿಸಲು ಮಾಡಿಕೊಂಡ ಗಂಟು. ಅದರೊಳಗೆ ಪಾಸ್‌ವರ್ಡ್ ಬರೆದಿಟ್ಟ ಫೈಲು ಇರುವುದೂ ಉಂಟು. ಹೋಸ್ಟಿಂಗ್ ಕಂಪನಿಯ ಖಾತೆಗೆ ಹೋಗಿ. ಸಣ್ಣ ಅಂಗಡಿಗಳಿಗೆ ಸಿಗುವ ಹೋಸ್ಟಿಂಗಿನಲ್ಲಿ ಸಾಮಾನ್ಯವಾಗಿ ಸಿಪ್ಯಾನೆಲ್ ಅನ್ನುವ ನಿಯಂತ್ರಣ ಪುಟ ಇರುತ್ತೆ. ನಿಮಗೂ ಅದೇ ಇದೆ ಎಂದುಕೊಂಡು ಹೇಳುತ್ತಿದ್ದೇನೆ. ಅದರಲ್ಲಿ 'ಫೈಲ್ ಮ್ಯಾನೇಜರ್' ತೆರೆದು, 'ಪಬ್ಲಿಕ್ ಅಂಡರ್‌ಸ್ಕೋರ್ ಎಚ್‌ಟಿಎಂಎಲ್' ಎಂಬ ಫೋಲ್ಡರಿಗೆ ಹೋಗಿ. ಆ ಎರಡು ಫೈಲುಗಳನ್ನು ನಿಮ್ಮ ಕಂಪ್ಯೂಟರಿಗೆ ಇಳಿಸಿಕೊಂಡು, ಅಲ್ಲಿಂದ ಅಳಿಸಿ. ಪಾಸ್‌ವರ್ಡ್ ಏನಾದರೂ ಅದರಲ್ಲಿ ಇದ್ದರೆ ಇವತ್ತೇ ಬದಲಿಸಿ. ಈ ಫೋಲ್ಡರಿನ ಹೆಸರಿನಲ್ಲೇ 'ಪಬ್ಲಿಕ್' ಅಂತ ಇದೆ, ಅಲ್ವಾ? ಇದರೊಳಗೆ ಇಟ್ಟಿದ್ದೆಲ್ಲ ಊರಿಗೆಲ್ಲ ತೋರಿಸಿದ ಹಾಗೆ. ಅಂಗಡಿಯ ಲೆಕ್ಕ ಇಲ್ಲಿ ಇರಬಾರದು.

ಈಗ ತೊಂದರೆಯ ಮೂಲಕ್ಕೆ ಬರೋಣ. ಯಾರಾದರೂ ನಿಮ್ಮ ಹೆಸರು ಹೊಡೆದಾಗ ಮೂರು ಕೆಲಸ ನಡೆಯುತ್ತೆ. ಮೊದಲು, ಆ ಹೆಸರಿಗೆ ಯಾವ ಐಪಿ ವಿಳಾಸ ಎಂದು ಬ್ರೌಸರ್ ಡಿಎನ್ಎಸ್ ಅನ್ನು ಕೇಳುತ್ತೆ. ಉತ್ತರವಾಗಿ 203.0.113.10 ಥರದ ಒಂದು ಸಂಖ್ಯೆ ಬರುತ್ತೆ. ಆಮೇಲೆ ಬ್ರೌಸರ್ ಆ ಸಂಖ್ಯೆಯ ಸರ್ವರಿಗೆ ಹೋಗಿ, ನನಗೆ ಇಂಥ ಹೆಸರಿನ ಸೈಟ್ ಬೇಕು ಎನ್ನುತ್ತೆ. ಒಂದೇ ಸರ್ವರಿನಲ್ಲಿ, ಒಂದೇ ಐಪಿ ವಿಳಾಸದಲ್ಲಿ ನೂರಾರು ಸೈಟುಗಳು ಇರುತ್ತವೆ. ಲಕ್ಷ್ಮೀ ಬಜಾರಿನ ಒಂದು ಕಾಂಪ್ಲೆಕ್ಸಿಗೆ ಬಾಗಿಲು ಒಂದೇ ಇದ್ದು ಒಳಗೆ ಹತ್ತಾರು ಮಳಿಗೆ ಇದ್ದರೆ, ಬಂದವರು ಅಂಗಡಿಯ ಹೆಸರು ಹೇಳಿ ಕೇಳಬೇಕಲ್ಲ, ಹಾಗೆ. ಹೆಸರು ನೋಡಿ ಸರ್ವರ್ ನಿಮ್ಮ ಫೋಲ್ಡರನ್ನು ಆರಿಸುತ್ತೆ. ಮೂರನೆಯ ಕೆಲಸ, ಆ ಫೋಲ್ಡರಿನಲ್ಲಿ ಯಾವ ಫೈಲನ್ನು ಮೊದಲು ತೋರಿಸಬೇಕು ಎಂದು ತೀರ್ಮಾನಿಸುವುದು.

ಈ ಮೂರರಲ್ಲಿ ಯಾವುದು ಕೈಕೊಟ್ಟಿದೆ ಎಂದು ಪರದೆಯೇ ಹೇಳುತ್ತೆ. ನಿಮ್ಮ ವಿಷಯದಲ್ಲಿ ಬರೀ ಹೆಸರು ಹೊಡೆದಾಗ ನಿಮ್ಮದೇ ಫೈಲುಗಳ ಪಟ್ಟಿ ಬರುತ್ತಿದೆ. ಅಂದರೆ ಡಿಎನ್ಎಸ್ ಸರಿಯಾದ ಸಂಖ್ಯೆ ಕೊಟ್ಟಿದೆ. ಸರ್ವರ್ ಸರಿಯಾದ ಫೋಲ್ಡರಿಗೆ ಕರೆದುಕೊಂಡು ಬಂದಿದೆ. ಹೋಮ್ ಫೈಲು ಕೂಡ ಆ ಫೋಲ್ಡರಿನಲ್ಲೇ ನೇರವಾಗಿ ಇದೆ, ಒಳಗಿನ ಇನ್ನೊಂದು ಫೋಲ್ಡರಿನಲ್ಲಿ ಅಲ್ಲ. ಹಾಗಿದ್ದಿದ್ದರೆ ವಿಳಾಸದಲ್ಲಿ ಆ ಫೋಲ್ಡರಿನ ಹೆಸರನ್ನೂ ಹೊಡೆಯಬೇಕಿತ್ತು. ಉಳಿದಿದ್ದು ಮೂರನೆಯದು ಮಾತ್ರ: ಯಾವ ಫೈಲು ಮೊದಲು ಅನ್ನುವುದು ಸರ್ವರಿಗೆ ಗೊತ್ತಿಲ್ಲ.

ನಮಗೆ 'ಹೋಮ್' ಅಂದರೆ ಮುಖಪುಟ ಅನ್ನಿಸುವುದು ಸಹಜ. ಸರ್ವರಿಗೆ ಹಾಗಲ್ಲ. ಹೆಸರಿನ ಮುಂದೆ ಏನೂ ಇಲ್ಲದಿದ್ದರೆ ಅದು ತನಗೆ ಮೊದಲೇ ಹೇಳಿಕೊಟ್ಟ ಹೆಸರುಗಳನ್ನು ಮಾತ್ರ ಹುಡುಕುತ್ತೆ. 1995ರಲ್ಲಿ ಬಂದ ಅಪಾಚೆ ಸರ್ವರಿನಲ್ಲೂ, ಆಮೇಲೆ ಬಂದ ಎನ್‌ಜಿನ್‌ಎಕ್ಸ್‌ನಲ್ಲೂ ಆ ಹೆಸರು 'ಇಂಡೆಕ್ಸ್ ಡಾಟ್ ಎಚ್‌ಟಿಎಂಎಲ್'. ಪಿಎಚ್‌ಪಿಯಲ್ಲಿ ಮಾಡಿದ ಸೈಟಾದರೆ 'ಇಂಡೆಕ್ಸ್ ಡಾಟ್ ಪಿಎಚ್‌ಪಿ'. ಮೈಕ್ರೋಸಾಫ್ಟಿನ ಸರ್ವರ್ 'ಡಿಫಾಲ್ಟ್' ಅನ್ನುವ ಹೆಸರನ್ನೂ ಹುಡುಕುತ್ತೆ. 'ಹೋಮ್' ಈ ಪಟ್ಟಿಯಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಹೇಳಿಕೊಟ್ಟ ಹೆಸರು ಒಂದೂ ಸಿಗದಿದ್ದರೆ ಸರ್ವರ್ ಎರಡರಲ್ಲಿ ಒಂದು ಮಾಡುತ್ತೆ. ಪಟ್ಟಿ ತೋರಿಸಲು ಅನುಮತಿ ಇದ್ದರೆ ಪಟ್ಟಿ ತೋರಿಸುತ್ತೆ. ಇಲ್ಲದಿದ್ದರೆ 403 ಎಂಬ ಸಂಖ್ಯೆಯ ಜೊತೆ 'ಪ್ರವೇಶ ಇಲ್ಲ' ಅನ್ನುತ್ತೆ. ನಿಮ್ಮ ಹೋಸ್ಟಿಂಗಿನಲ್ಲಿ ಅನುಮತಿ ತೆರೆದೇ ಇದೆ.

ಪರಿಹಾರ ಇಷ್ಟೇ: ಫೈಲ್ ಮ್ಯಾನೇಜರಿನಲ್ಲಿ ಆ ಹೋಮ್ ಫೈಲಿನ ಹೆಸರನ್ನು 'ಇಂಡೆಕ್ಸ್ ಡಾಟ್ ಎಚ್‌ಟಿಎಂಎಲ್' ಎಂದು ಬದಲಿಸಿ. ಇಂಗ್ಲಿಷಿನಲ್ಲಿ ಎಲ್ಲವೂ ಚಿಕ್ಕ ಅಕ್ಷರ ಇರಲಿ. ಇದು ಸುಮ್ನೆ ಹೇಳುತ್ತಿರುವ ಮಾತಲ್ಲ. ನಿಮ್ಮ ವಿಂಡೋಸ್ ಲ್ಯಾಪ್‌ಟಾಪಿಗೆ ದೊಡ್ಡ ಅಕ್ಷರ, ಚಿಕ್ಕ ಅಕ್ಷರ ಎರಡೂ ಒಂದೇ. ಹೋಸ್ಟಿಂಗ್ ಸರ್ವರುಗಳು ಹೆಚ್ಚಾಗಿ ಲಿನಕ್ಸ್. ಅಲ್ಲಿ ಮೊದಲ ಅಕ್ಷರ ದೊಡ್ಡದಾದರೆ ಅದು ಬೇರೆಯದೇ ಫೈಲು. ಹುಡುಗನ ಲ್ಯಾಪ್‌ಟಾಪಿನಲ್ಲಿ ಎಲ್ಲಾ ಸರಿಯಾಗಿ ಕಂಡು, ಅಪ್‌ಲೋಡ್ ಆದ ಮೇಲೆ ಕೆಲವು ಫೋಟೋ ಮಾತ್ರ ಕಾಣದೇ ಹೋಗುವುದು ಬಹಳ ಸಲ ಇದೇ ಕಾರಣಕ್ಕೆ. ಪುಟದಲ್ಲಿ ಬರೆದಿರುವ ಫೋಟೋ ಹೆಸರು ಚಿಕ್ಕ ಅಕ್ಷರದಲ್ಲಿ, ಕ್ಯಾಮೆರಾ ಕೊಟ್ಟ ಹೆಸರು ದೊಡ್ಡ ಅಕ್ಷರದಲ್ಲಿ. ನಿಮ್ಮ ಸೈಟಿನಲ್ಲಿ ಯಾವುದಾದರೂ ಸೀರೆಯ ಫೋಟೋ ಖಾಲಿ ಚೌಕವಾಗಿ ಕಂಡರೆ ಇದನ್ನು ನೋಡಿ. ಇನ್ನೊಂದು ವಿಷಯ. ಈ ನಿಯಮ ಸ್ಲ್ಯಾಶ್‌ನ ಮುಂದಿನ ಭಾಗಕ್ಕೆ ಮಾತ್ರ. ಡೊಮೇನ್ ಹೆಸರಿನಲ್ಲಿ ದೊಡ್ಡ ಅಕ್ಷರ ಬಂದರೂ ನಡೆಯುತ್ತೆ. ಫೋನ್ ಕೀಬೋರ್ಡ್ ಮೊದಲ ಅಕ್ಷರವನ್ನು ತಾನೇ ದೊಡ್ಡದು ಮಾಡಿದರೆ ಗಾಬರಿ ಬೇಡ.

ಹೆಸರು ಬದಲಿಸುವ ಕೆಲಸವನ್ನು ಸರ್ವರಿನಲ್ಲೇ ಮಾಡಿ, ಕಂಪ್ಯೂಟರಿನಲ್ಲಿ ಮಾಡಿ ಮತ್ತೆ ಏರಿಸಬೇಡಿ. ವಿಂಡೋಸ್ ಫೈಲಿನ ಕೊನೆಯ ಭಾಗವನ್ನು, ಅಂದರೆ ಡಾಟ್ ನಂತರದ ಅಕ್ಷರಗಳನ್ನು, ಬಚ್ಚಿಟ್ಟು ತೋರಿಸುತ್ತೆ. ಗೊತ್ತಿಲ್ಲದೆ ಎರಡನೇ ಸಲ ಎಚ್‌ಟಿಎಂಎಲ್ ಸೇರಿಸಿದರೆ ಫೈಲಿನ ಹೆಸರಲ್ಲಿ ಅದು ಎರಡು ಸಲ ಬಂದುಬಿಡುತ್ತೆ. ನೋಟ್‌ಪ್ಯಾಡಿನಲ್ಲಿ ಉಳಿಸಿದರೆ ಕೊನೆಗೆ 'ಟಿಎಕ್ಸ್‌ಟಿ' ಅಂಟಿಕೊಳ್ಳುವುದೂ ಇದೆ. ನೋಡುವವರಿಗೆ ಹೆಸರು ಸರಿ ಇದ್ದ ಹಾಗೇ ಕಾಣುತ್ತೆ, ಪುಟ ಮಾತ್ರ ಬರುವುದಿಲ್ಲ. ಸಿಪ್ಯಾನೆಲ್‌ನಲ್ಲಿ ಹೆಸರು ಪೂರ್ತಿ ಕಾಣುವುದರಿಂದ ಅಲ್ಲಿ ಈ ಮೋಸ ಇಲ್ಲ. ಹೆಸರು ಬದಲಾದ ಮೇಲೂ 403 ಬಂದರೆ ಫೈಲಿನ ಅನುಮತಿ, ಅಂದರೆ ಯಾರು ಓದಬಹುದು, ಯಾರು ತಿದ್ದಬಹುದು ಎಂದು ಹೇಳುವ ಸಂಖ್ಯೆ, ನೋಡಿ. ಫೈಲಿಗೆ 644, ಫೋಲ್ಡರಿಗೆ 755 ಇದ್ದರೆ ಸಾಮಾನ್ಯವಾಗಿ ಸಾಕು. 777 ಕೊಡಿ ಎಂದು ಯಾರಾದರೂ ಹೇಳಿದರೆ ಕೇಳಬೇಡಿ, ಅದು ಬಾಗಿಲು ತೆರೆದಿಟ್ಟು ಊರಿಗೆ ಹೋದ ಹಾಗೆ. ಆ ಫೈಲನ್ನು ಸರ್ವರಿನ ಯಾವ ಬಳಕೆದಾರ ಬೇಕಾದರೂ ತಿದ್ದಬಹುದು.

ಈಗ ಕ್ಯೂಆರ್ ಕೋಡ್. ಹೋಮ್ ಫೈಲಿನ ಹೆಸರು ಬದಲಿಸಿದ ಕ್ಷಣವೇ ಬಾಕ್ಸುಗಳ ಮೇಲಿನ ಕೋಡ್ 404ಕ್ಕೆ, ಅಂದರೆ 'ಪುಟ ಇಲ್ಲ' ಎಂಬಲ್ಲಿಗೆ ಹೋಗುತ್ತೆ. ಆ ಬಾಕ್ಸುಗಳು ಈಗಾಗಲೇ ಗಿರಾಕಿಗಳ ಮನೆಯ ಬೀರುಗಳಲ್ಲಿವೆ. ಮುಂದಿನ ಮದುವೆ ಬಟ್ಟೆಗೆ ಅವರು ಹುಡುಕುವುದು ಅದೇ ಕೋಡ್ ಹಿಡಿದು. ಹಾಗಾಗಿ ಹಳೆಯ ವಿಳಾಸ ಸಾಯಬಾರದು. ಹೋಮ್ ಫೈಲನ್ನು ಹಾಗೇ ಬಿಟ್ಟು ಅದರ ನಕಲು ಮಾಡಿ ಇಂಡೆಕ್ಸ್ ಎಂದು ಹೆಸರಿಡಬಹುದು. ಎಷ್ಟೋ ಜನ ಹಾಗೆ ಮಾಡುತ್ತಾರೆ. ನನಗೆ ಅದು ಇಷ್ಟ ಇಲ್ಲ. ನಾಳೆ ಒಂದರಲ್ಲಿ ಬೆಲೆ ತಿದ್ದಿ ಇನ್ನೊಂದರಲ್ಲಿ ಮರೆಯುತ್ತೀರಿ. ಒಂದೇ ಸೀರೆಗೆ ಎರಡು ಬೆಲೆ ಕಂಡರೆ ಗಿರಾಕಿಗೆ ಅಂಗಡಿಯ ಮೇಲಿನ ನಂಬಿಕೆ ಹೋಗುತ್ತೆ.

ಅದರ ಬದಲು ಸಿಪ್ಯಾನೆಲ್‌ನಲ್ಲಿ 'ರೀಡೈರೆಕ್ಟ್ಸ್' ಎಂಬ ಜಾಗ ಇದೆ. ಅಲ್ಲಿ ಹಳೆಯ ವಿಳಾಸದ ಕಡೆ ಹೋಮ್ ಫೈಲಿನ ಹೆಸರು ಬರೆಯಿರಿ. ಕ್ಯೂಆರ್ ಕೋಡಿನಲ್ಲಿ ಯಾವ ಅಕ್ಷರ ದೊಡ್ಡದಿದೆ, ಯಾವುದು ಚಿಕ್ಕದಿದೆ ಎಂದು ಫೋನಿನಲ್ಲಿ ಸ್ಕ್ಯಾನ್ ಮಾಡಿ ನೋಡಿಕೊಂಡು, ಹಾಗೇ ಬರೆಯಿರಿ. ಹೊಸ ವಿಳಾಸದ ಕಡೆ ಎಚ್‌ಟಿಟಿಪಿಎಸ್ ಸಮೇತ ನಿಮ್ಮ ಬರೀ ಡೊಮೇನ್ ಹೆಸರು. ವಿಧ ಯಾವುದು ಎಂದು ಕೇಳುತ್ತೆ. ಮೊದಲು 302, ಅಂದರೆ ತಾತ್ಕಾಲಿಕ, ಎಂದು ಆರಿಸಿ. ಬಾಕ್ಸಿನ ಕೋಡ್ ಸ್ಕ್ಯಾನ್ ಮಾಡಿ ಮುಖಪುಟ ಬಂತು ಎಂದು ಖಾತ್ರಿ ಆದ ಮೇಲೆ ಅದನ್ನು 301ಕ್ಕೆ, ಅಂದರೆ ಶಾಶ್ವತಕ್ಕೆ, ಬದಲಿಸಿ. 301ನ್ನು ಬ್ರೌಸರುಗಳು ನೆನಪಿಟ್ಟುಕೊಳ್ಳುತ್ತವೆ. ಅದರಲ್ಲಿ ಒಂದು ಅಕ್ಷರ ತಪ್ಪಿದರೆ, ನೀವು ತಿದ್ದಿದ ಮೇಲೂ ಒಮ್ಮೆ ನೋಡಿದವರ ಫೋನ್ ತಪ್ಪು ಜಾಗಕ್ಕೇ ಹೋಗುತ್ತಿರಬಹುದು. ಸೈಟಿನ ಒಳಗಿನ ಮೆನುಗಳಲ್ಲೂ 'ಹೋಮ್' ಎಂಬ ಕೊಂಡಿ ಹಳೆಯ ಫೈಲಿಗೇ ಇರುತ್ತೆ. ರೀಡೈರೆಕ್ಟ್ ಇರುವುದರಿಂದ ಅದು ಕೆಲಸ ಮಾಡುತ್ತೆ. ಹುಡುಗ ಯಾವಾಗಲಾದರೂ ಊರಿಗೆ ಬಂದಾಗ ಅದನ್ನು ತಿದ್ದಿಸಿದರೆ ಸಾಕು, ಅವಸರ ಇಲ್ಲ.

ಇದೇ ಸಿಪ್ಯಾನೆಲ್‌ನಲ್ಲಿ 'ಇಂಡೆಕ್ಸಸ್' ಎಂಬ ಇನ್ನೊಂದು ಜಾಗ ಇದೆ. ಅಲ್ಲಿ ನಿಮ್ಮ ಪಬ್ಲಿಕ್ ಫೋಲ್ಡರನ್ನು ಆರಿಸಿ 'ನೋ ಇಂಡೆಕ್ಸಿಂಗ್' ಎಂದು ಹಾಕಿ. ಮುಖಪುಟ ಬಂದ ಮೇಲೆ ಇದರ ಅಗತ್ಯ ಏನು ಅನ್ನಿಸಬಹುದು. ಫೋಟೋಗಳ ಒಳ ಫೋಲ್ಡರಿನಲ್ಲಿ ಇಂಡೆಕ್ಸ್ ಫೈಲು ಇರುವುದಿಲ್ಲ, ಅಲ್ಲಿನ ಪಟ್ಟಿ ಹಾಗೇ ತೆರೆದಿರುತ್ತೆ. ಎಕ್ಸೆಲ್ ಫೈಲು ಈಗಾಗಲೇ ಗೂಗಲ್ ಕಣ್ಣಿಗೆ ಬಿದ್ದಿದೆಯಾ ಎಂದೂ ನೋಡಬೇಕು. ಗೂಗಲ್‌ನಲ್ಲಿ ಇಂಗ್ಲಿಷಿನ 'ಸೈಟ್' ಪದ, ಅದಕ್ಕೆ ಅಂಟಿದ ಹಾಗೆ ಕೋಲನ್ ಚಿಹ್ನೆ, ಜಾಗ ಬಿಡದೆ ನಿಮ್ಮ ಹೆಸರು ಹೊಡೆದು ಹುಡುಕಿ. ಫೈಲು ಕಂಡರೆ ಗೂಗಲ್ ಸರ್ಚ್ ಕನ್ಸೋಲ್‌ನಲ್ಲಿ ಸೈಟ್ ನಿಮ್ಮದೇ ಎಂದು ತೋರಿಸಿ, 'ರಿಮೂವಲ್ಸ್' ಮೂಲಕ ತೆಗೆಸಬಹುದು.

ಇನ್ನು ಎರಡನೆಯ ತೊಂದರೆ, ಟ್ರಿಪಲ್ ಡಬ್ಲ್ಯು.

ಡಿಎನ್ಎಸ್‌ಗೆ ಟ್ರಿಪಲ್ ಡಬ್ಲ್ಯು ಇರುವ ಹೆಸರು ಬೇರೆ, ಇಲ್ಲದ ಹೆಸರು ಬೇರೆ. ಟ್ರಿಪಲ್ ಡಬ್ಲ್ಯು ಸೇರಿಸುವುದು ಒಂದು ರೂಢಿ ಮಾತ್ರ, ನಿಯಮ ಅಲ್ಲ. ಟಿಮ್ ಬರ್ನರ್ಸ್-ಲೀ ಅವರು ಸ್ವಿಟ್ಜರ್ಲೆಂಡಿನ ಸರ್ನ್ ಸಂಸ್ಥೆಯಲ್ಲಿ ಮಾಡಿದ ಜಗತ್ತಿನ ಮೊದಲ ವೆಬ್‌ಸೈಟಿನ ವಿಳಾಸ 'ಇನ್ಫೋ ಡಾಟ್ ಸರ್ನ್ ಡಾಟ್ ಸಿಎಚ್'. ಅದರಲ್ಲಿ ಟ್ರಿಪಲ್ ಡಬ್ಲ್ಯು ಇರಲೇ ಇಲ್ಲ. ಆದರೆ ಜನ ರೂಢಿಯಿಂದ ಹೊಡೆಯುತ್ತಾರೆ. ಅದರಲ್ಲೂ ನಮ್ಮ ಹಿರಿಯರು ವೆಬ್‌ಸೈಟ್ ಅಂದ ಕೂಡಲೇ ಅದನ್ನೇ ಮೊದಲು ಹೊಡೆಯುವುದು. ಹಾಗಾಗಿ ಎರಡೂ ಹೆಸರು ಒಂದೇ ಕಡೆ ಬರಬೇಕು.

ನೀವು ಹೇಳಿದ್ದನ್ನು ಜೋಡಿಸಿ ನೋಡಿದರೆ ನಡೆದಿದ್ದು ಹೀಗಿರಬೇಕು. ಹೆಸರು ಕೊಂಡಾಗ ಆ ಕಂಪನಿ ಎರಡೂ ಹೆಸರುಗಳನ್ನು ತನ್ನ ಜಾಹೀರಾತು ಪುಟದ ಕಡೆ ತಿರುಗಿಸಿಟ್ಟಿರುತ್ತೆ. ಇದನ್ನು ಪಾರ್ಕಿಂಗ್ ಪುಟ ಅನ್ನುತ್ತಾರೆ. ಹುಡುಗ ಅಲ್ಲಿನ ಡಿಎನ್ಎಸ್ ಪುಟಕ್ಕೆ ಹೋಗಿ ಬರೀ ಹೆಸರಿನ ಸಾಲಿನಲ್ಲಿ ಹೋಸ್ಟಿಂಗಿನ ಐಪಿ ಸಂಖ್ಯೆ ಹಾಕಿದ್ದಾನೆ. ಟ್ರಿಪಲ್ ಡಬ್ಲ್ಯು ಸಾಲು ಹಳೆಯ ಕಡೆಗೇ ಉಳಿದಿದೆ. ಕಂಪ್ಯೂಟರಿನಲ್ಲಿ ಇದನ್ನು ಖಾತ್ರಿ ಮಾಡಿಕೊಳ್ಳಬಹುದು. ವಿಂಡೋಸಿನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು, 'ಎನ್ಎಸ್‌ಲುಕಪ್' ಎಂದು ಇಂಗ್ಲಿಷಿನಲ್ಲಿ ಹೊಡೆದು, ಜಾಗ ಬಿಟ್ಟು ನಿಮ್ಮ ಹೆಸರು ಹೊಡೆಯಿರಿ. ಒಮ್ಮೆ ಟ್ರಿಪಲ್ ಡಬ್ಲ್ಯು ಇಲ್ಲದೆ, ಒಮ್ಮೆ ಇಟ್ಟು. ಎರಡು ಸಲವೂ ಬರುವ ಐಪಿ ಸಂಖ್ಯೆ ಬೇರೆ ಬೇರೆ ಇದ್ದರೆ ನನ್ನ ಊಹೆ ಸರಿ.

ಹೆಸರು ಕೊಂಡ ಕಂಪನಿಯ ಖಾತೆಗೆ ಹೋಗಿ ಡಿಎನ್ಎಸ್ ಪುಟ ತೆರೆಯಿರಿ. ಏನನ್ನೂ ಮುಟ್ಟುವ ಮೊದಲು ಇಡೀ ಪುಟದ ಫೋಟೋ ತೆಗೆದಿಟ್ಟುಕೊಳ್ಳಿ. ಅಲ್ಲಿ ಕೆಲವು ಸಾಲುಗಳಿರುತ್ತವೆ. ಹೆಸರಿನ ಜಾಗದಲ್ಲಿ '@' ಚಿಹ್ನೆ ಇರುವ, 'ಎ' ವಿಧದ ಸಾಲು ನಿಮ್ಮ ಬರೀ ಹೆಸರಿನದು. ಅದು ಸರಿ ಇದೆ, ಬಿಡಿ. 'ಎಂಎಕ್ಸ್' ವಿಧದ ಸಾಲುಗಳು ಮೇಲ್‌ನವು. 'ಟಿಎಕ್ಸ್‌ಟಿ' ಸಾಲುಗಳಲ್ಲೂ ಮೇಲ್‌ಗೆ ಬೇಕಾದ ಮಾಹಿತಿ ಇರುತ್ತೆ. ಅವನ್ನೂ ಬಿಡಿ. ಟ್ರಿಪಲ್ ಡಬ್ಲ್ಯು ಹೆಸರಿನ ಸಾಲು ಒಂದೇ ನಿಮಗೆ ಬೇಕಾಗಿದ್ದು. ಅದರ ವಿಧ 'ಸಿನೇಮ್' (ಒಂದು ಹೆಸರನ್ನು ಇನ್ನೊಂದು ಹೆಸರಿನ ಕಡೆ ತಿರುಗಿಸುವ ಸಾಲು) ಆಗಿದ್ದರೆ, ಅದು ತೋರಿಸುವ ಜಾಗದಲ್ಲಿ ಪಾರ್ಕಿಂಗ್ ವಿಳಾಸ ಅಳಿಸಿ ನಿಮ್ಮ ಬರೀ ಡೊಮೇನ್ ಹೆಸರು ಬರೆಯಿರಿ. 'ಎ' ವಿಧ ಆಗಿದ್ದರೆ, '@' ಸಾಲಿನಲ್ಲಿರುವ ಐಪಿ ಸಂಖ್ಯೆಯನ್ನೇ ಇಲ್ಲೂ ಹಾಕಿ. ಉಳಿಸಿ. ಅಷ್ಟೇ.

ಕೆಲವು ಕಂಪನಿಗಳು 'ಫಾರ್ವರ್ಡಿಂಗ್' ಎಂಬ ಸುಲಭದ ದಾರಿ ತೋರಿಸುತ್ತವೆ. ಅದರಲ್ಲಿ 'ಮಾಸ್ಕಿಂಗ್' ಎಂಬ ಆಯ್ಕೆ ಇದ್ದರೆ ಬೇಡ ಅನ್ನಿ. ಅದು ನಿಮ್ಮ ಸೈಟನ್ನು ಇನ್ನೊಂದು ಚೌಕಟ್ಟಿನೊಳಗೆ ಕೂರಿಸಿ ತೋರಿಸುತ್ತೆ. ಗಿರಾಕಿ ಒಂದು ಸೀರೆಯ ಪುಟದ ವಿಳಾಸವನ್ನು ವಾಟ್ಸ್ಆ್ಯಪಿನಲ್ಲಿ ಕಳಿಸಿದರೂ ಹೋಗುವುದು ಮುಖಪುಟಕ್ಕೇ.

ಎಷ್ಟು ಹೊತ್ತು ಕಾಯಬೇಕು? ಪ್ರತಿ ಸಾಲಿನ ಪಕ್ಕ 'ಟಿಟಿಎಲ್' ಎಂಬ ಸಂಖ್ಯೆ ಇರುತ್ತೆ. ಅದು ಸೆಕೆಂಡಿನ ಲೆಕ್ಕ. ಹಳೆಯ ಉತ್ತರವನ್ನು ಬೇರೆಯವರು ಅಷ್ಟು ಹೊತ್ತು ಇಟ್ಟುಕೊಳ್ಳಬಹುದು ಎಂದು ಅದರ ಅರ್ಥ. 3600 ಇದ್ದರೆ ಒಂದು ಗಂಟೆ, 14400 ಇದ್ದರೆ ನಾಲ್ಕು ಗಂಟೆ, 86400 ಇದ್ದರೆ ಒಂದು ದಿನ. ಜನ ಹೇಳುವ 48 ಗಂಟೆ ಸುಳ್ಳಲ್ಲ, ಆದರೆ ಅದು ಬೇರೆ ಕೆಲಸಕ್ಕೆ ಸಂಬಂಧಿಸಿದ್ದು. ಡಾಟ್ ಕಾಂ ಹೆಸರುಗಳ ನೇಮ್‌ಸರ್ವರ್ ಯಾವುದು ಎಂಬ ಮಾಹಿತಿಗೆ ಟಿಟಿಎಲ್ 172800 ಸೆಕೆಂಡ್, ಅಂದರೆ ಸರಿಯಾಗಿ ಎರಡು ದಿನ. ನೇಮ್‌ಸರ್ವರ್ ಬದಲಿಸಿದವರು ಅಷ್ಟು ಕಾಯಬೇಕಾಗಬಹುದು. ನೀವು ಬದಲಿಸುತ್ತಿರುವುದು ಒಂದು ಸಾಲು ಮಾತ್ರ.

ನೇಮ್‌ಸರ್ವರ್ ಮುಟ್ಟಬೇಡಿ ಎಂದಿದ್ದು ಯಾಕೆ ಎಂದು ಈಗ ಹೇಳಬಹುದು. ನಿಮ್ಮ ಹೆಸರಿನ ಬಗ್ಗೆ ಜಗತ್ತಿಗೆ ಉತ್ತರ ಕೊಡುವವರು ಯಾರು ಎಂದು ನೇಮ್‌ಸರ್ವರ್ ತೀರ್ಮಾನಿಸುತ್ತೆ. ಅದನ್ನು ಹೋಸ್ಟಿಂಗ್ ಕಂಪನಿಗೆ ಬದಲಿಸಿದರೆ ಇಲ್ಲಿಯವರೆಗಿನ ಸಾಲುಗಳೆಲ್ಲ ಒಟ್ಟಿಗೆ ಬದಿಗೆ ಹೋಗುತ್ತವೆ. ಹೊಸ ಕಂಪನಿಯ ಸಾಲುಗಳು ಲೆಕ್ಕಕ್ಕೆ ಬರುತ್ತವೆ. ಟ್ರಿಪಲ್ ಡಬ್ಲ್ಯು ತೊಂದರೆ ಅದರಿಂದ ಸರಿಹೋಗುವುದು ನಿಜ, ಅದಕ್ಕೇ ಆ ಸಲಹೆ ಅಷ್ಟು ಜನಪ್ರಿಯ. ಆದರೆ ನಿಮ್ಮ ಮೇಲ್ ಎಲ್ಲಿಗೆ ಬರಬೇಕು ಎನ್ನುವ ಎಂಎಕ್ಸ್ ಸಾಲುಗಳು ಹೊಸ ಜಾಗದಲ್ಲಿ ಇರುವುದಿಲ್ಲ. ಯಾರಾದರೂ ಕುಳಿತು ಒಂದೊಂದಾಗಿ ಬರೆಯಬೇಕು. ಬರೆಯುವವರೆಗೆ ಅಂಗಡಿಗೆ ಬರುವ ಮೇಲ್ ವಾಪಸ್ ಹೋಗಬಹುದು, ಅಥವಾ ನೀವು ನೋಡದ ಬೇರೊಂದು ಪೆಟ್ಟಿಗೆಗೆ ಬೀಳಬಹುದು. ಆರ್ಡರ್ ಕಳಿಸಿದವರು ಉತ್ತರ ಬರಲಿಲ್ಲ ಎಂದು ಬೇಜಾರಾಗುತ್ತಾರೆ, ನಿಮಗೆ ಆರ್ಡರ್ ಬಂದಿದ್ದೇ ಗೊತ್ತಿರುವುದಿಲ್ಲ. ಒಂದು ಸಾಲು ತಿದ್ದಿ ಮುಗಿಯುವ ಕೆಲಸಕ್ಕೆ ಇಷ್ಟು ದೊಡ್ಡ ಅಪಾಯ ತಂದುಕೊಳ್ಳುವುದು ಬೇಡವೇ ಬೇಡ.

ಈ ಡಿಎನ್ಎಸ್ ವ್ಯವಸ್ಥೆ ಹುಟ್ಟಿದ್ದೇ ಹೆಸರುಗಳನ್ನು ಅವುಗಳ ಒಡೆಯರೇ ನೋಡಿಕೊಳ್ಳಲಿ ಎಂದು. ಮೊದಲು ನೆಟ್‌ವರ್ಕಿನಲ್ಲಿದ್ದ ಎಲ್ಲಾ ಕಂಪ್ಯೂಟರುಗಳ ಹೆಸರು, ವಿಳಾಸ ಒಂದೇ ಫೈಲಿನಲ್ಲಿ ಇರುತ್ತಿತ್ತು. ಅಮೆರಿಕದ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯವರು ಅದನ್ನು ತಿದ್ದುತ್ತಿದ್ದರು, ಉಳಿದವರು ನಕಲು ಮಾಡಿಕೊಳ್ಳುತ್ತಿದ್ದರು. ಕಂಪ್ಯೂಟರುಗಳು ಹೆಚ್ಚಾದ ಹಾಗೆ ಅದು ನಡೆಯದಾಯಿತು. 1983ರಲ್ಲಿ ಪಾಲ್ ಮೊಕಪೆಟ್ರಿಸ್ ಎಂಬುವರು ಹೆಸರುಗಳನ್ನು ಹಂಚಿಕೊಂಡು ನೋಡಿಕೊಳ್ಳುವ ಈಗಿನ ವ್ಯವಸ್ಥೆಯನ್ನು ರೂಪಿಸಿದರು. ನಿಮ್ಮ ಅಂಗಡಿಯ ಹೆಸರಿನ ಸಾಲುಗಳು ನಿಮ್ಮ ಕೈಯಲ್ಲೇ ಇರುವುದು ಅವರ ಆ ವಿನ್ಯಾಸದಿಂದ. ಅದನ್ನು ಬಿಟ್ಟುಕೊಡಬೇಡಿ.

ಇದಕ್ಕೇ ಒಂದು ವಿಷಯವನ್ನು ಒತ್ತಿ ಹೇಳಬೇಕು. ಹೆಸರು ಕೊಂಡ ಖಾತೆಯಲ್ಲಿ ಒಡೆಯರ ಹೆಸರು ಯಾರದಿದೆ, ಇಮೇಲ್ ಯಾರದಿದೆ ಎಂದು ನೋಡಿ. ಹುಡುಗನದ್ದಿದ್ದರೆ ಅವನಿಗೆ ಇವತ್ತೇ ಫೋನ್ ಮಾಡಿ ನಿಮ್ಮದಕ್ಕೆ ಬದಲಿಸಿಕೊಳ್ಳಿ. ಅವನು ಒಳ್ಳೆಯ ಹುಡುಗನೇ ಇರಬಹುದು. ಆದರೆ ನವೀಕರಣದ ಸೂಚನೆ ಅವನ ಹಳೆಯ ಇಮೇಲಿಗೆ ಹೋಗಿ, ಅವನು ನೋಡದೇ ಬಿಟ್ಟರೆ ಅವಧಿ ಮುಗಿಯುತ್ತೆ. ಆಗ ಬರೀ ಹೆಸರಿಗೂ ಪಾರ್ಕಿಂಗ್ ಪುಟವೇ ಬರುತ್ತೆ. ಡಾಟ್ ಕಾಂ ಹೆಸರಿಗೆ ಇನ್ನೊಂದು ನಿಯಮ ಇದೆ. ಒಡೆಯರ ಇಮೇಲ್ ಹೊಸದಾಗಿ ಕೊಟ್ಟಾಗ ಅಥವಾ ಬದಲಿಸಿದಾಗ ಖಾತ್ರಿ ಮಾಡಲು ಒಂದು ಮೇಲ್ ಬರುತ್ತೆ. 15 ದಿನದಲ್ಲಿ ಅದರ ಕೊಂಡಿ ಒತ್ತದಿದ್ದರೆ ಹೆಸರನ್ನೇ ತಡೆಹಿಡಿಯಬಹುದು. ಆ ಮೇಲ್ ಸ್ಪ್ಯಾಮಿಗೆ ಬಿದ್ದಿರಬಹುದು, ಹುಡುಕಿ. ಡಾಟ್ ಇನ್ ಹೆಸರುಗಳನ್ನು ನೋಡಿಕೊಳ್ಳುವುದು ನಮ್ಮ ದೇಶದ ನಿಕ್ಸಿ ಸಂಸ್ಥೆ. ಮುಂದೆ ಅದನ್ನೂ ಕೊಂಡರೆ ಅಲ್ಲೂ ಒಡೆಯರ ಜಾಗದಲ್ಲಿ ಅಂಗಡಿಯವರ ಹೆಸರೇ ಇರಲಿ.

ಕೊನೆಯಲ್ಲಿ ಬೀಗದ ಚಿಹ್ನೆ, ಅಂದರೆ ಎಸ್ಎಸ್ಎಲ್ ಸರ್ಟಿಫಿಕೇಟ್. ಇಲ್ಲಿಯವರೆಗೆ ಟ್ರಿಪಲ್ ಡಬ್ಲ್ಯು ಹೆಸರು ಹೋಸ್ಟಿಂಗಿಗೆ ಬರುತ್ತಲೇ ಇರಲಿಲ್ಲ. ಹಾಗಾಗಿ ನಿಮ್ಮ ಸರ್ಟಿಫಿಕೇಟಿನಲ್ಲಿ ಆ ಹೆಸರು ಸೇರಿರುವುದಿಲ್ಲ. ಸಾಲು ತಿದ್ದಿದ ಮೇಲೆ ಆ ವಿಳಾಸ ತೆರೆದರೆ 'ಈ ಸಂಪರ್ಕ ಸುರಕ್ಷಿತ ಅಲ್ಲ' ಎಂಬ ಎಚ್ಚರಿಕೆ ಬರಬಹುದು. ಹೆದರಬೇಡಿ, ಏನೂ ಕೆಟ್ಟಿಲ್ಲ. ಸಿಪ್ಯಾನೆಲ್‌ನಲ್ಲಿ 'ಎಸ್ಎಸ್ಎಲ್ ಸ್ಟೇಟಸ್' ಪುಟಕ್ಕೆ ಹೋಗಿ, ಸರ್ಟಿಫಿಕೇಟನ್ನು ತಾನೇ ತಂದು ಹಾಕುವ ಆಟೋಎಸ್ಎಸ್ಎಲ್ ಓಡಿಸಿ. ಎರಡೂ ಹೆಸರುಗಳ ಎದುರು ಬೀಗ ಬಂದ ಮೇಲೆ 'ಡೊಮೇನ್ಸ್' ಪುಟದಲ್ಲಿ 'ಫೋರ್ಸ್ ಎಚ್‌ಟಿಟಿಪಿಎಸ್' ಸ್ವಿಚ್ ಹಾಕಿ. ಕ್ರಮ ತಪ್ಪಿಸಬೇಡಿ. ಸರ್ಟಿಫಿಕೇಟ್ ಇಲ್ಲದೆ ಸ್ವಿಚ್ ಹಾಕಿದರೆ ಬಂದವರೆಲ್ಲ ಎಚ್ಚರಿಕೆ ಪುಟ ನೋಡಿ ವಾಪಸ್ ಹೋಗುತ್ತಾರೆ. ಸರ್ಟಿಫಿಕೇಟಿಗೆ ದುಡ್ಡು ಕೊಡಿ ಎಂದು ಯಾರಾದರೂ ಕೇಳಿದರೆ ಯೋಚಿಸಿ. ನಿಮ್ಮಂಥ ಸೈಟಿಗೆ ಲೆಟ್ಸ್ ಎನ್‌ಕ್ರಿಪ್ಟ್ ಥರದ ಉಚಿತ ಸರ್ಟಿಫಿಕೇಟ್ ಸಾಕು. ಅದರ ಅವಧಿ ಕೆಲವೇ ತಿಂಗಳು, ಆದರೆ ಸರ್ವರ್ ತಾನೇ ನವೀಕರಿಸಿಕೊಳ್ಳುತ್ತೆ.

ಪರೀಕ್ಷೆ ಮಾಡುವಾಗ ಅಂಗಡಿಯ ಕಂಪ್ಯೂಟರನ್ನು ನಂಬಬೇಡಿ. ಅದು ಹಳೆಯ ಪುಟವನ್ನು ನೆನಪಿಟ್ಟುಕೊಂಡು ಅದನ್ನೇ ತೋರಿಸುತ್ತೆ. ಈ ಸೈಟನ್ನು ಎಂದೂ ತೆರೆಯದ ಫೋನ್ ತಗೊಳ್ಳಿ. ವೈಫೈ ತೆಗೆದು ಮೊಬೈಲ್ ಡೇಟಾದಲ್ಲಿ, ಇನ್‌ಕಾಗ್ನಿಟೋ ಕಿಟಕಿಯಲ್ಲಿ ತೆರೆಯಿರಿ. ಬರೀ ಹೆಸರು, ಟ್ರಿಪಲ್ ಡಬ್ಲ್ಯು ಇರುವ ಹೆಸರು, ಬಾಕ್ಸಿನ ಕ್ಯೂಆರ್ ಕೋಡ್, ಮೂರೂ ಒಂದೇ ಮುಖಪುಟಕ್ಕೆ ಬರಬೇಕು. ಬೇರೆ ಊರಿನ ನೆಂಟರೊಬ್ಬರಿಗೂ ಕಳಿಸಿ ನೋಡಿ. ಹಾಗೇ ಬೇರೆ ಖಾತೆಯಿಂದ ಅಂಗಡಿಯ ಮೇಲ್‌ಗೆ ಒಂದು ಮೇಲ್ ಹಾಕಿ, ಬಂತಾ ನೋಡಿ. ಮುಖಪುಟ ಬಂದರೂ ನಿಧಾನ ಅನ್ನಿಸಿದರೆ ಅದು ಫೋಟೋಗಳ ಭಾರ. ಫೋನಿನಲ್ಲಿ ತೆಗೆದ ಸೀರೆ ಫೋಟೋ ಒಂದೊಂದೂ ಹಲವು ಎಂಬಿ ಇರುತ್ತೆ. ಅಂಚಿನ ಕೆಲಸ ಕಾಣುವಷ್ಟು ದೊಡ್ಡದಿರಲಿ, ಆದರೆ ಕೆಲವು ನೂರು ಕೆಬಿಗೆ ಇಳಿಸಿ ಹಾಕಿ.

ಇಷ್ಟಾದರೂ ಬರದಿದ್ದರೆ ಹೋಸ್ಟಿಂಗ್ ಕಂಪನಿಗೆ ಬರೆಯಿರಿ. 'ಸೈಟ್ ಬರುತ್ತಿಲ್ಲ' ಎಂದಷ್ಟೇ ಬರೆದರೆ ಅವರು ಸಿದ್ಧ ಉತ್ತರ ಕಳಿಸಿ ಮುಗಿಸುತ್ತಾರೆ. ಯಾವ ವಿಳಾಸ ಹೊಡೆದಿರಿ, ಪರದೆಯಲ್ಲಿ ಏನು ಬಂತು, ಎನ್ಎಸ್‌ಲುಕಪ್‌ನಲ್ಲಿ ಎರಡು ಹೆಸರಿಗೂ ಯಾವ ಸಂಖ್ಯೆ ಬಂತು, ಯಾವ ಸಾಲನ್ನು ಎಷ್ಟು ಗಂಟೆಗೆ ಬದಲಿಸಿದಿರಿ ಎಂದು ಬರೆದು, ಪರದೆಯ ಫೋಟೋ ಸೇರಿಸಿ. ಪಾಸ್‌ವರ್ಡ್ ಮಾತ್ರ ಬರೆಯಬೇಡಿ, ಅವರು ಕೇಳಿದರೂ ಕೊಡಬೇಡಿ. ನೇಮ್‌ಸರ್ವರ್ ಬದಲಿಸಿ ಎಂದು ಅವರೂ ಹೇಳಿದರೆ, ನಮ್ಮ ಎಂಎಕ್ಸ್ ಮತ್ತು ಟಿಎಕ್ಸ್‌ಟಿ ಸಾಲುಗಳನ್ನು ನಿಮ್ಮ ಕಡೆ ಮೊದಲೇ ಹಾಕಿಟ್ಟಿದ್ದೀರಾ ಎಂದು ಕೇಳಿ. ಹೌದು ಎಂದು ಬರೆದು ಕೊಟ್ಟು, ಆ ಸಾಲುಗಳನ್ನು ನಿಮ್ಮ ಕಣ್ಣಿಗೆ ತೋರಿಸಿದ ಮೇಲೆ ಮಾತ್ರ ಒಪ್ಪಿ.